ಅದನ್ನೂ ನಾನೇ ಹೇಳಬೇಕೇ?

೨೫ ಜನವರಿ ೧೯೬೫, ಸೋಮವಾರ

ಸಂಜೆಯಿಂದ ಮೈಲಾಪೂರಿನ ಕೊಳದ ಮೂಲೆಯಲ್ಲಿ ಲೌಡ್‌ಸ್ಪೀಕರ್ ಅರಚುತ್ತಿದೆ. ಮುಂದಿನ ವಾರ ಮಠದಲ್ಲಿ ನನ್ನ ಮಾಘಮಾಸದ ಪುರಾಣ ಶುರುವಾಗಬೇಕು. ಒಂದೆರಡು ಉಪಕಥೆಗಳನ್ನಾದರೂ ಹೊಂದಿಸಿಕೊಳ್ಳೋಣವೆಂದು ಮನೆ ಮುಂದಿನ ತಿಣ್ಣೆಯಲ್ಲಿ ಕೂತರೆ ಕಿವಿಗೆ ಬೀಳುವುದೆಲ್ಲ ಪುಲವರ್ ವೇಲ್‌ನಂಬಿಯ ಪುರಾಣ. ಪಕ್ಕದ ಬೀದಿಯವನು, ಶಾಲೆಯಲ್ಲಿ ತಮಿಳು ಮೇಷ್ಟರು; ಪುಲವರ್ ಎಂದರೆ ಪಂಡಿತ. ಸಂಜೆಯಾಯಿತೆಂದರೆ ಮೈಕಿನ ಮುಂದೆ ಸಿಂಹ.

ನಾಳೆಯಿಂದ ಹಿಂದಿ ಆಡಳಿತ ಭಾಷೆಯಾಗುತ್ತದಂತೆ, ಅದಕ್ಕೆ ಈ ರಾದ್ಧಾಂತ. ನನಗೆ ಹಿಂದಿ ಒಂದಕ್ಷರ ಬಾರದು, ಬರಬೇಕೆಂಬ ಹಂಬಲವೂ ಇಲ್ಲ. ಡೆಲ್ಲಿಯವರು ಹೇರುವುದು ತಪ್ಪು ಎಂದರೆ ನಾನೂ ತಲೆಯಾಡಿಸುವವನೇ. ಆದರೆ ನನ್ನ ಮಗಳು ಜಯಲಕ್ಷ್ಮೀ ಇದೇ ತಿಣ್ಣೆಯಲ್ಲಿ ಬೀದಿಯ ಮಕ್ಕಳಿಗೆ ಹಿಂದಿ ಪಾಠ ಹೇಳುತ್ತಾಳೆ. ಗೋಡೆಗೆ ಪುಟ್ಟದೊಂದು ಬೋರ್ಡು ಹಾಕಿಕೊಂಡಿದ್ದಾಳೆ. ಕಷ್ಟಪಟ್ಟು ಕಲಿತ ವಿದ್ಯೆ, ಅವಳಿಗೆ ಅದೇ ಪ್ರಾಣ.

ಮೂರು ತಲೆಮಾರಿನಿಂದ ನಾಲಗೆಯ ಮೇಲೆ ಬದುಕಿದ ವಂಶ ನಮ್ಮದು. ಮಾತುಗಾರನ ಕಸುಬು ಎಷ್ಟರದು ಎಂಬುದು ಎರಡು ವಾಕ್ಯದಲ್ಲಿ ತಿಳಿದುಬಿಡುತ್ತದೆ. ಈ ವೇಲ್‌ನಂಬಿ ಸಾಮಾನ್ಯನಲ್ಲ. ನಮ್ಮ ಬೀದಿಯಲ್ಲೇ ಹಾವಿನ ಹುತ್ತವಿದೆ ಎಂದ. ತಿಣ್ಣೆ ತಿಣ್ಣೆಯಲ್ಲಿ ಕೂತು ಅದಕ್ಕೆ ಹಾಲೆರೆಯುತ್ತಿದ್ದಾರೆ ಎಂದ. ಹುತ್ತ ಕಂಡವನು ಏನು ಮಾಡಬೇಕು ಎಂದು ಕೇಳಿ ಸುಮ್ಮನೆ ನಿಂತ. ಆಮೇಲೆ ಮೆಲ್ಲಗೆ, "ಅದೈಯುಂ ನಾನ್‌ದಾನ್ ಸೊಲ್ಲಣುಮಾ?" ಅದನ್ನೂ ನಾನೇ ಹೇಳಬೇಕೇ?

"ವೇಂಡಾಂ! ವೇಂಡಾಂ!" ಎಂದು ಜನ ಕಿರುಚಿದರು. ಬೇಡ, ಬೇಡ!

ಕಥೆಯ ತುದಿಯನ್ನು ಕೇಳುವವನ ಬಾಯಲ್ಲಿ ಬಿಡುವುದು ನಮ್ಮ ಕಸುಬಿನ ಹಳೆಯ ಗುಟ್ಟು. ನಮ್ಮ ತಂದೆ ಹೇಳುತ್ತಿದ್ದರು: ನೀನು ಮುಗಿಸಿದ ಕಥೆಯನ್ನು ಜನ ಮಠದಲ್ಲೇ ಬಿಟ್ಟು ಹೋಗುತ್ತಾರೆ, ಅರ್ಧಕ್ಕೆ ಬಿಟ್ಟದ್ದನ್ನು ಮನೆಗೆ ಒಯ್ಯುತ್ತಾರೆ. ಈ ಬಡ್ಡೀಮಗ ಅದನ್ನು ಎಲ್ಲಿ ಕಲಿತನೋ.

೨೮ ಜನವರಿ, ಗುರುವಾರ

ಬರೆಯಲು ಕೈ ಬರಲಿಲ್ಲ.

ಮೊನ್ನೆ ರಜೆ, ಆದ್ದರಿಂದ ಬೆಳಿಗ್ಗೆಯೇ ಪಾಠ. ಐದಾರು ಮಂದಿ ಡಾಂಬರಿನ ಡಬ್ಬ ಹಿಡಿದು ಬಂದರು. ಬೋರ್ಡಿಗೆ ಬಳಿಯುವುದಾದರೆ ಬಳಿದುಕೊಂಡು ಹೋಗಲಿ ಎಂದು ನಾನು ಒಳಗಿನಿಂದ ಕೂಗಿದೆ. ಜಯಾ ಮಕ್ಕಳನ್ನೆಲ್ಲ ಬಾಗಿಲೊಳಗೆ ತಳ್ಳುತ್ತಿದ್ದಳು. ಕೊನೆಯ ಮಗುವನ್ನು ತಳ್ಳಿ ಈ ಕಡೆ ತಿರುಗಿದ್ದಾಳೆ, ಕಲ್ಲು ಬಂದು ಎಡಗಣ್ಣಿಗೆ ಬಿತ್ತು. ಕಲ್ಲು ಎಸೆದವನು "ಪಾಂಬು! ಪಾಂಬು!" ಎಂದು ಕೂಗುತ್ತಿದ್ದ. ಹಾವು, ಹಾವು. ನನ್ನ ಮಗಳು ಹಾವು!

ಹಾಲಿನವನು ಓಡಿ ಅವನನ್ನು ಹಿಡಿದ. ಯಾವುದೋ ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುವ ಕಂಪಾಸಿಟರ್, ಇನ್ನೂ ಮೀಸೆ ಬಲಿಯದವನು. ನಾವು ಸೈಕಲ್ ರಿಕ್ಷಾದಲ್ಲಿ ಜಯಾಳನ್ನು ಎಗ್ಮೋರಿನ ಕಣ್ಣಾಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವಳು ಅಳಲಿಲ್ಲ. "ಮಕ್ಕಳೆಲ್ಲ ಮನೆ ಸೇರಿದ್ರಾ ಅಣ್ಣಾ?" ಅಂತ ಮಾತ್ರ ಕೇಳಿದಳು. ನಮ್ಮಲ್ಲಿ ತಂದೆಯನ್ನು ಅಣ್ಣ ಅನ್ನುವುದು. ಆ ಒಂದು ಕರೆ ಕೇಳಿ ನಾನು ಅತ್ತುಬಿಟ್ಟೆ.

೩೦ ಜನವರಿ, ಶನಿವಾರ

ಎಡಗಣ್ಣು ಹೋಯಿತು. ಡಾಕ್ಟರು ನೇರವಾಗಿ ಹೇಳಿದರು.

ಆಸ್ಪತ್ರೆಯಿಂದ ಮನೆಗೆ ಬಾರದೆ ನಾನೂ ನನ್ನ ಹೆಂಡತಿ ರಮಾಬಾಯಿಯೂ ಸೀದಾ ವೇಲ್‌ನಂಬಿಯ ಮನೆಗೆ ಹೋದೆವು. ಮನೆ ಮುಂದೆ ಬೇವಿನ ಮರ, ಅದರ ಕೆಳಗೆ ಬೆಂಚು. ಅವನ ಅಣ್ಣ ಮುನಿರತ್ನಂ ಎನ್ನುವವರು ಎದ್ದು ಬೆಂಚು ಒರೆಸಿದರು, ನೀರು ತಂದಿಟ್ಟರು. ಅಂಚೆಯಲ್ಲಿದ್ದು ರಿಟೈರಾದವರಂತೆ. ತಮ್ಮನದೇ ಮೈಕಟ್ಟು, ಅದೇ ಬಿಳಿ ಜಿಬ್ಬಾ, ಹೆಗಲ ಮೇಲೆ ಅದೇ ಟವೆಲು. "ಕುಳಂದೈಕ್ಕು ವಲಿ ಕೊರಂಜುದಾ?" ಎಂದು ಕೇಳಿದರು, ಮಗುವಿಗೆ ನೋವು ಕಡಿಮೆಯಾಯಿತಾ ಅಂತ. ನಾನು ಮಡಿಯವನು, ಅಲ್ಲಿ ನೀರು ಮುಟ್ಟುವುದಿಲ್ಲ. ಮಡಿ ಇಲ್ಲದಿದ್ದರೂ ಮುಟ್ಟುತ್ತಿರಲಿಲ್ಲ.

ವೇಲ್‌ನಂಬಿ ಹೊರಗೆ ಬಂದ. "ನಿನ್ನ ಮಾತಿನಿಂದ ನನ್ನ ಮಗಳ ಕಣ್ಣು ಹೋಯಿತು" ಎಂದೆ.

ಅವನ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ. "ಸ್ವಾಮೀ, ನನಗೂ ಸಂಕಟವಾಗಿದೆ. ಆದರೆ ಕಲ್ಲು ಎಸೆಯಿರಿ ಅಂತ ನಾನು ಹೇಳಿದೆನಾ? ಹಾವು ಅಂದೆ, ಹುತ್ತ ಅಂದೆ. ಅದು ಉಪಮೆ. ಕೇಳಿದವನು ಬೀದಿಗೆ ಹೋಗಿ ಏನು ಮಾಡಿದ ಅಂತ ಹೇಳಿದವನನ್ನು ಹಿಡಿದರೆ ನಾಳೆ ಊರಲ್ಲಿ ಯಾರೂ ಬಾಯಿ ತೆರೆಯೋ ಹಾಗಿಲ್ಲ."

"ಬೆಂಕಿಪೆಟ್ಟಿಗೆ ಮಾರಿದವನು ಹಾಗೆ ಹೇಳಬಹುದು," ಎಂದೆ. "ನೀನು ಗೀರಿ ಕೈಗೆ ಕೊಟ್ಟವನು."

ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕಂಪಾಸಿಟರ್ ಜೈಲಿಗೆ ಹೋಗುತ್ತಾನೆ, ಈ ಮಹಾಶಯ ಮತ್ತೆ ಮೈಕಿನ ಮುಂದೆ ಹೋಗುತ್ತಾನೆ.

೨ ಫೆಬ್ರವರಿ, ಮಂಗಳವಾರ

ಆ ಹುಡುಗ ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದಾನೆ: "ಪುಲವರ್ ನನಗೆ ಏನೂ ಹೇಳಿಲ್ಲ. ನಾನೇ ಮಾಡಿದೆ."

ಸುಳ್ಳು! ಹಸೀ ಸುಳ್ಳು! ಗುರುಭಕ್ತಿಯಿಂದ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುತ್ತಿದ್ದಾನೆ. ಇಂಥ ಮಾತನ್ನು ನಂಬಿ ವೇಲ್‌ನಂಬಿಯನ್ನು ಬಿಟ್ಟುಬಿಡುವ ಪೊಲೀಸರಿಗೆ ಏನೆನ್ನಲಿ? ಆ ಹುಡುಗನ ಬಾಯಲ್ಲಿ ‘ಹಾವು’ ಎಂಬ ಮಾತು ತಾನಾಗಿ ಹುಟ್ಟಿತೇ? ಬೀಜ ಬಿತ್ತಿದವನು ಯಾರು, ಬೆಳೆ ಯಾರದು, ಇಷ್ಟು ತಿಳಿಯದೇ?

ಮಧ್ಯಾಹ್ನ ಮುನಿರತ್ನಂ ಆಸ್ಪತ್ರೆಗೆ ಕಿತ್ತಳೆಹಣ್ಣು ತಂದಿದ್ದರು. ತಮ್ಮ ಕಡಿಯುವುದು, ಅಣ್ಣ ಊದುವುದು. ಅವರೆದುರಿಗೇ ಹಣ್ಣನ್ನು ಕಿಟಕಿಯಾಚೆ ಎಸೆದೆ. ಜಯಾ ಇದ್ದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿಕೊಂಡಳು. ಪಾಪ, ನೋವಿರಬೇಕು.

೪ ಫೆಬ್ರವರಿ, ಗುರುವಾರ

ಪುರಾಣ ಶುರುವಾಯಿತು. ಮಠದ ವ್ಯವಸ್ಥೆ ನೋಡುವ ತಿರುಮಲರಾಯರು, "ಈ ಸಲ ಬೇಡ ಆಚಾರ್ಯರೇ, ಮನಸ್ಸು ಸರಿ ಇಲ್ಲ ನಿಮಗೆ" ಎಂದರು. ಮನಸ್ಸು ಸರಿಯಿಲ್ಲದಾಗಲೇ ಹೇಳಬೇಕು ಎಂದೆ.

ಮಾಘಸ್ನಾನದ ಮಹಿಮೆ ಹೇಳುತ್ತಿದ್ದವನು ಹಾಗೇ ಒಂದು ಉಪಕಥೆಗೆ ಇಳಿದೆ. ಯಾವ ಪುರಾಣದ್ದೂ ಅಲ್ಲ, ಅಲ್ಲೇ ಹುಟ್ಟಿತು. ಒಂದು ಊರಿನಲ್ಲಿ ಒಬ್ಬ ಮಂತ್ರಿ. ಅವನು ಬೆಂಕಿಯನ್ನು ಮುಟ್ಟಿದವನೇ ಅಲ್ಲ. ಚೌಕದಲ್ಲಿ ನಿಂತು, ‘ಆ ಮನೆಯಲ್ಲಿ ಕತ್ತಲೆ ಇದೆ ನೋಡಿ’ ಅನ್ನುತ್ತಾನೆ ಅಷ್ಟೆ. ಬೆಳಗಾಗುವ ಹೊತ್ತಿಗೆ ಆ ಮನೆ ಬೂದಿ. ಕೇಳಿದರೆ, ‘ಕತ್ತಲೆ ತೋರಿಸಿದೆ, ಅದು ತಪ್ಪೇ?’ ಅನ್ನುತ್ತಾನೆ. ರಾಜನೂ ಸುಮ್ಮನಿದ್ದಾನೆ, ಸೈನ್ಯವೂ ಸುಮ್ಮನಿದೆ. ಆದರೆ ಅರಮನೆಯ ಅಡಿಗೆಮನೆಯಲ್ಲಿ ಒಬ್ಬ ಬಾಣಸಿಗ ಇದ್ದಾನೆ. ಸಾರು ತಿರುವುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾನೆ.

"ನಮ್ಮ ಕಿಟ್ಟುವಿನ ಹಾಗೆ!" ಎಂದೆ. ಸಭೆಯೆಲ್ಲ ನಕ್ಕಿತು.

ಕಿಟ್ಟು ಮಠದ ಅಡಿಗೆಯವನು. ನೂರು ಜನದ ಅನ್ನದ ಕೊಳಗವನ್ನು ಒಬ್ಬನೇ ಇಳಿಸುವ ಆಳು. ಜಯಾ ಮಗುವಾಗಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಕೊಳ ಸುತ್ತಿಸಿದವನು, ಇವತ್ತಿಗೂ ಹಬ್ಬ ಬಂದರೆ ಅವಳ ಪಾಲಿನ ಹಯಗ್ರೀವ ಬೇರೆ ಎತ್ತಿಡುತ್ತಾನೆ. ಒದ್ದೆ ಪಂಚೆಯಲ್ಲೇ ಬಾಗಿಲಿಗೆ ಬಂದು ನಿಂತು ನನಗೆ ಕೈಮುಗಿದ. ಅವನು ಮಾತ್ರ ನಗಲಿಲ್ಲ.

೭ ಫೆಬ್ರವರಿ, ಭಾನುವಾರ

ಜಯಾ ಮೊನ್ನೆ ಮನೆಗೆ ಬಂದಳು. ಕಣ್ಣಿಗೆ ಹತ್ತಿಯ ಪಟ್ಟಿ.

ಮಠದಲ್ಲಿ ದಿನದಿನಕ್ಕೆ ಜನ ಹೆಚ್ಚುತ್ತಿದ್ದಾರೆ. ಟಿ. ನಗರದಿಂದ, ಟ್ರಿಪ್ಲಿಕೇನಿನಿಂದ ಬರುತ್ತಿದ್ದಾರೆ. ಪುರಾಣ ಬೇಗ ಮುಗಿಸಿ ಬಾಣಸಿಗನ ಕಥೆಗೆ ಬನ್ನಿ ಎನ್ನುವವರೂ ಇದ್ದಾರೆ. ನಿನ್ನೆ ಮಂತ್ರಿಯ ಮನೆ ಮುಂದೆ ಒಂದು ಬೇವಿನ ಮರ ನೆಟ್ಟೆ. ಎಂಥ ನಗು, ಎಂಥ ಚಪ್ಪಾಳೆ! ಹಿಂದಿನ ಸಾಲಿನಲ್ಲಿ ಕಂಬಕ್ಕೊರಗಿ ಕೂತಿದ್ದ ಜಯಾ ಎದ್ದು ಹೋದಳು.

ಇಂದು ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟು ಹೇಳಿದಳು, "ಅಣ್ಣಾ, ಆ ಕಥೆ ವೇಂಡಾಂ. ನಿಲ್ಲಿಸಿಬಿಡಿ."

"ಏಕೆ?"

"ನನ್ನ ಕಣ್ಣಿಗೆ ಅದರಿಂದ ಏನೂ ಬರೋದಿಲ್ಲ. ಕಿಟ್ಟು ನಿನ್ನೆ ಹಯಗ್ರೀವ ತಂದ. ಬೇವಿನ ಮರದ ಮನೆ ಕೊಳದ ಈ ಕಡೆಯೋ ಆ ಕಡೆಯೋ ಅಂತ ಕೇಳ್ದ."

"ಕೇಳಿದರೆ ಏನು? ಊರಿಗೇ ಗೊತ್ತಿರುವ ಮನೆ."

"ಸುಮ್ಮನೆ ಕೇಳಲಿಲ್ಲ ಅಣ್ಣಾ. ಅವನ ಮುಖ ನೀವು ನೋಡಲಿಲ್ಲ."

"ಕಥೆ ಕೇಳಿದವರೆಲ್ಲ ಬಾಣಸಿಗರಾಗುವುದಾದರೆ ಈ ಮೈಲಾಪೂರಿನಲ್ಲಿ ಎಲ್ಲರೂ ಇಷ್ಟು ಹೊತ್ತಿಗೆ ಋಷಿಗಳಾಗಿರಬೇಕಿತ್ತು," ಎಂದೆ. ದೊಡ್ಡದಾಗಿ ನಕ್ಕೆ ಕೂಡ. ಅವಳು ನಗಲಿಲ್ಲ. ಮೊದಲಾದರೆ ನನ್ನ ಹಾಸ್ಯಕ್ಕೆ ಈ ಮನೆಯಲ್ಲಿ ಮೊದಲು ನಗುತ್ತಿದ್ದವಳು ಅವಳೇ. ಒಂದು ಕಣ್ಣಿನ ಜತೆ ಅವಳ ನಗುವನ್ನೂ ಆ ವೇಲ್‌ನಂಬಿಯೇ ತೆಗೆದುಕೊಂಡ. ಬರಲಿ, ಬಾಣಸಿಗನ ಕಥೆ ಮುಗಿಯುವ ಬುಧವಾರ ಬರಲಿ.

೧೦ ಫೆಬ್ರವರಿ, ಬುಧವಾರ

ಊರು ಹೊತ್ತಿ ಉರಿಯುತ್ತಿದೆ. ಬಸ್ಸುಗಳಿಲ್ಲ, ಅಲ್ಲಲ್ಲಿ ಗೋಲಿಬಾರು ಎನ್ನುತ್ತಾರೆ. ಆದರೂ ಮಠ ಕಿಕ್ಕಿರಿದಿತ್ತು. ಕಿಟಕಿಯಲ್ಲೂ ಜನ.

ಬೇವಿನ ಮರದ ಕೆಳಗೆ ಮಂತ್ರಿ ಬಂದು ನಿಂತ. ಬಿಳಿ ಅಂಗಿ, ಹೆಗಲ ಮೇಲೆ ವಸ್ತ್ರ. ಬಾಣಸಿಗ ಅಡಿಗೆಮನೆಯಿಂದ ಹೊರಟ. ಕೈಯಲ್ಲಿ ಸೌಟಿದೆ. ಎದುರುಬದುರು ನಿಂತಿದ್ದಾರೆ. ಕಣ್ಣು ಕಳೆದುಕೊಂಡ ಒಂದು ಹೆಣ್ಣುಮಗು ಮೂಲೆಯಲ್ಲಿ ಅಳುತ್ತಿದೆ. ಇಷ್ಟು ಹೇಳಿ ನಿಲ್ಲಿಸಿದೆ.

"ಆಮೇಲೇನು? ಅದನ್ನೂ ನಾನೇ ಹೇಳಬೇಕೇ?"

"ಬೇಡ! ಬೇಡ ಆಚಾರ್ಯರೇ!"

ಮಂಗಳಾರತಿಗೆ ಜನ ಏಳಲೇ ಇಲ್ಲ, ಹಾಗೇ ಕೂತಿದ್ದರು. ನಮ್ಮ ತಂದೆ ಇರಬೇಕಿತ್ತು. ಜನ್ಮದಲ್ಲಿ ಇಂಥ ಸಭೆ ನಾನು ಕಂಡಿರಲಿಲ್ಲ.

೧೨ ಫೆಬ್ರವರಿ, ಶುಕ್ರವಾರ

ಕಿಟ್ಟುವನ್ನು ಪೊಲೀಸರು ಹಿಡಿದಿದ್ದಾರೆ.

ನಿನ್ನೆ ಮುಂಜಾನೆ ಒಲೆ ಹೊತ್ತಿಸಬೇಕಾದವನು ಒಂದು ಸರ್ವೆಮರದ ಸೌದೆ ಎತ್ತಿಕೊಂಡು ಹೊರಟನಂತೆ. ಬೇವಿನ ಮರದ ಕೆಳಗೆ ಬಿಳಿ ಜಿಬ್ಬಾ ಹಾಕಿಕೊಂಡವರೊಬ್ಬರು ಬೆಂಚು ಒರೆಸುತ್ತಿದ್ದರು. ಹಿಂದಿನಿಂದ ತಲೆಗೆ ಒಂದೇ ಏಟು.

ವೇಲ್‌ನಂಬಿಯಲ್ಲ. ಅವನ ಅಣ್ಣ, ಮುನಿರತ್ನಂ.

ಮುಟ್ಠಾಳ! ಕಥೆಗೂ ಬೀದಿಗೂ ವ್ಯತ್ಯಾಸ ತಿಳಿಯದ ಮುಟ್ಠಾಳ! ಯಾರು ಇವನಿಗೆ ಹೋಗು ಎಂದರು?

೧೩ ಫೆಬ್ರವರಿ, ಶನಿವಾರ

ಇನ್‌ಸ್ಪೆಕ್ಟರು ಮಠಕ್ಕೆ ಬಂದಿದ್ದರು. ಕಿಟ್ಟು ಬಾಯಿ ಬಿಡುತ್ತಿಲ್ಲವಂತೆ, ಆದರೆ ಯಾರೋ ಬಾಣಸಿಗನ ಕಥೆಯ ವಿಷಯ ಅವರ ಕಿವಿಗೆ ಹಾಕಿದ್ದಾರೆ. ತಿರುಮಲರಾಯರು ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಹೆದರಲಿಲ್ಲ. ಏಕೆ ಹೆದರಬೇಕು?

"ಏನು ಹೇಳಿದಿರಿ ಸ್ವಾಮಿ?" ಎಂದು ತಮಿಳಿನಲ್ಲಿ ಕೇಳಿದರು.

"ಉಪಕಥೆ. ದೃಷ್ಟಾಂತ."

"ಬೇವಿನ ಮರ ಅಂದಿರಂತೆ."

"ಮೈಲಾಪೂರಿನಲ್ಲಿ ಬೇವಿನ ಮರಕ್ಕೆ ಬರವೇ?"

"ಅಡಿಗೆಯವನು ಮಂತ್ರಿಯನ್ನು ಹೊಡೆದ ಅಂದಿರಾ?"

"ಕೇಳಿ ನೋಡಿ ಯಾರನ್ನಾದರೂ. ಹೊಡೆದ ಎಂಬ ಶಬ್ದವೇ ನನ್ನ ಬಾಯಲ್ಲಿ ಬಂದಿಲ್ಲ."

ಇದು ಅಕ್ಷರಶಃ ನಿಜ. ಅವರು ಅದನ್ನು ಬರೆದುಕೊಂಡು ಹೋದರು.

ಮುನಿರತ್ನಂಗೆ ಬಲಗೈ ಬಲಗಾಲು ಬಿದ್ದುಹೋಗಿದೆಯಂತೆ. ಮಾತು ನಿಂತಿದೆ. ಜಯಾ ಟಿಫಿನ್ ಕ್ಯಾರಿಯರಿನಲ್ಲಿ ಗಂಜಿ ತೆಗೆದುಕೊಂಡು ಜನರಲ್ ಆಸ್ಪತ್ರೆಗೆ ಹೋಗಿದ್ದಳು. ಯಾರನ್ನು ಕೇಳಿ ಹೋದೆ ಎಂದು ಗದರಿದೆ. "ಅವರು ನನ್ನ ನೋಡಕ್ಕೆ ಬಂದಾಗ ಯಾರನ್ನೂ ಕೇಳಿರಲಿಲ್ಲ" ಎಂದಳು. ಚಮಚೆಯಲ್ಲಿ ಗಂಜಿ ಹಾಕಿದರೆ ಅವರಿಗೆ ಅರ್ಧ ಹೊರಗೇ ಬರುತ್ತಿತ್ತಂತೆ. ಇದನ್ನೆಲ್ಲ ನನಗೆ ಹೇಳುವ ಅಗತ್ಯವೇನಿತ್ತು?

೧೫ ಫೆಬ್ರವರಿ, ಸೋಮವಾರ

ಕಿಟ್ಟುವಿನ ತಾಯಿ ವೆಂಕಟಲಕ್ಷ್ಮಿ ಬಂದು ಕಾಲಿಗೆ ಬಿದ್ದಳು.

"ಆಚಾರ್ರೇ, ನಿಮ್ಮ ಮಾತು ಅವನಿಗೆ ವೇದ. ವಕೀಲರು ಹೇಳಿದ್ರು, ನೀವು ಬಂದು ‘ನನ್ನ ಕಥೆ ಕೇಳಿ ಅವನ ತಲೆ ಕೆಟ್ಟಿತು’ ಅಂತ ಒಂದ್ ಮಾತು ಅಂದ್ರೆ ಶಿಕ್ಷೆ ಕಮ್ಮಿಯಾಗತ್ತಂತೆ. ಒಂದೇ ಮಾತು. ನಿಮಗೆ ಮಾತಿಗೆ ಬಡತನವಾ?"

ಪಾಪ, ಹೆತ್ತ ಕರುಳು. ಆದರೆ ಇದು ಹೇಗೆ ಸಾಧ್ಯ? ನಾನು ಹಾಗೆ ಅಂದರೆ ನಾಳೆ ಯಾವ ಮಠದಲ್ಲೂ ಯಾರೂ ಪುರಾಣ ಹೇಳುವ ಹಾಗಿಲ್ಲ. ಕೇಳಿದವನು ಮಾಡಿದ್ದಕ್ಕೆ ಹೇಳಿದವನು ಹೊಣೆಯೇ? ಸಮಾಧಾನವಾಗಿಯೇ ತಿಳಿಸಿ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ರಮಾ ಅವಳ ಹಿಂದೆಯೇ ಬೀದಿಯ ತುದಿಯವರೆಗೂ ಹೋಗಿ ಬಂದಳು. ಬಂದವಳು ನನಗೆ ಬಡಿಸಿ ತಾನು ಊಟಕ್ಕೆ ಕೂರಲಿಲ್ಲ. ಇತ್ತೀಚೆಗೆ ಏನು ಕೇಳಿದರೂ ‘ಹೂಂ’ ಅನ್ನುತ್ತಾಳೆ ಅಷ್ಟೆ. ಮಗಳ ಕಣ್ಣಿನ ದುಃಖ.

೧೭ ಫೆಬ್ರವರಿ, ಬುಧವಾರ

ಧೈರ್ಯ ನೋಡಿ! ವೇಲ್‌ನಂಬಿ ನಮ್ಮ ಮನೆಗೇ ಬಂದ. ಡಾಂಬರು ಬಳಿದ ಬೋರ್ಡಿನ ಕೆಳಗೆ ಬಂದು ನಿಂತ. ಗಡ್ಡ ಬೆಳೆದಿತ್ತು, ಜಿಬ್ಬಾ ಮಾಸಿತ್ತು. ಕೂತುಕೊಳ್ಳಿ ಎಂದು ನಾನು ಹೇಳಲಿಲ್ಲ.

"ಸ್ವಾಮೀ, ನಿಮ್ಮ ಕಥೆಯಿಂದ ನಮ್ಮಣ್ಣನ ಮಾತು ಹೋಯಿತು," ಎಂದ.

ಮೈ ಉರಿದುಹೋಯಿತು. ಯಾರು ಯಾರಿಗೆ ಹೇಳುವ ಮಾತು ಇದು! "ನನಗೂ ಸಂಕಟವಾಗಿದೆ," ಎಂದೆ, ಮನೆಗೆ ಬಂದವನೆಂದು. "ಆದರೆ ಹೋಗಿ ಹೊಡಿ ಅಂತ ನಾನು ಹೇಳಿದೆನೇ? ಮಂತ್ರಿ ಅಂದೆ, ಬಾಣಸಿಗ ಅಂದೆ. ಅದು ದೃಷ್ಟಾಂತ. ಅವನು ಬೀದಿಗೆ ಹೋಗಿ ಏನಾದರೂ ಮಾಡಿದರೆ ನಾನೇನು ಮಾಡಲಿ?"

ಅವನು ತಲೆಯೆತ್ತಿ ನನ್ನನ್ನೇ ನೋಡುತ್ತಾ ನಿಂತ. ಏನೋ ಹೇಳುವವನಂತೆ ಬಾಯಿ ತೆರೆದ. ಹೇಳಲಿಲ್ಲ. ನನಗೆ ಕೈಮುಗಿದು, ಬಾಗಿಲಲ್ಲಿ ನಿಂತಿದ್ದ ಜಯಾಳಿಗೂ ಕೈಮುಗಿದು ಹೊರಟುಹೋದ. ಅವಳಿಗೆ ಕೈಮುಗಿದಾಗ ಬಗ್ಗಿದ ತಲೆಯನ್ನು ಬೀದಿ ತಿರುಗುವವರೆಗೂ ಎತ್ತಲಿಲ್ಲ.

ಅಂಥ ಮಾತುಗಾರನ ಬಾಯಿ ಕಟ್ಟಿಹೋಯಿತು ನೋಡಿ. ಉತ್ತರವಿದ್ದರೆ ತಾನೇ ಕೊಡುವುದು?

೧೮ ಫೆಬ್ರವರಿ, ಗುರುವಾರ

ತಿರುಮಲರಾಯರು ಪುರಾಣ ನಿಲ್ಲಿಸಿಬಿಟ್ಟರು. ಹೇಡಿ.

೨೩ ಫೆಬ್ರವರಿ, ಮಂಗಳವಾರ

ಇಂದು ಕಿಟ್ಟುವನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ನಾನು ಹೋಗಿರಲಿಲ್ಲ. ರಮಾ ಮತ್ತು ಜಯಾ, ವೆಂಕಟಲಕ್ಷ್ಮಿಯ ಜತೆ ಹೋಗಿದ್ದರು. ಬೆಳಗಿನಿಂದ ತಿಣ್ಣೆಯಲ್ಲೇ ಕೂತಿದ್ದೆ. ಒಂದು ಶ್ಲೋಕ ಹೇಳಲು ಹೋದರೆ ಎರಡನೆಯ ಪಾದ ನೆನಪಿಗೆ ಬರಲಿಲ್ಲ. ಬಿಸಿಲು ಜಾಸ್ತಿ.

ಮಧ್ಯಾಹ್ನ ದಾಟಿದ ಮೇಲೆ ಬಂದರು. ರಮಾ ಸೀದಾ ಒಳಗೆ ಹೋದಳು. ಜಯಾ ತಿಣ್ಣೆಯ ಮೇಲೆ, ಮೊದಲು ಪಾಠಕ್ಕೆ ಕೂರುತ್ತಿದ್ದ ಜಾಗದಲ್ಲಿ ಕೂತಳು.

"ಏನಾಯಿತು?"

"ಮ್ಯಾಜಿಸ್ಟ್ರೇಟ್ ಕೇಳಿದ್ರು, ‘ಮಠದಲ್ಲಿ ಕಥೆ ಕೇಳಿ ಹೋದೆಯಾ, ಯಾರಾದರೂ ಹೇಳಿ ಕಳಿಸಿದ್ರಾ’ ಅಂತ. ವಕೀಲರು ‘ಹೌದು ಅನ್ನು, ಹೌದು ಅನ್ನು’ ಅಂತ ಕಣ್ಣಲ್ಲೇ ಹೇಳ್ತಾ ಇದ್ರು. ವೆಂಕಟಲಕ್ಷ್ಮಮ್ಮ ಕೈ ಜೋಡಿಸ್ಕೊಂಡು ನಿಂತಿದ್ರು."

"ಕಿಟ್ಟು ಏನೆಂದ?"

"‘ಆಚಾರ್ಯರು ನನಗೆ ಏನೂ ಹೇಳಿಲ್ಲ. ನಾನೇ ಮಾಡಿದೆ’ ಅಂದ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಣ್ಣಲ್ಲಿ ನೀರೇ ಬಂತು. "ನೋಡಿದೆಯಾ? ಅವನ ಬಾಯಿಂದಲೇ ಬಂತು. ಮುಟ್ಠಾಳನಾದರೂ ಸತ್ಯವಂತ. ಮಡಿಯಲ್ಲಿ ಅಡಿಗೆ ಮಾಡಿದ ಕೈ ಅದು, ಸುಳ್ಳು ಹೇಳುವವನಲ್ಲ."

ಜಯಾ ಕಣ್ಣಿನ ಪಟ್ಟಿಯನ್ನು ಸರಿಮಾಡಿಕೊಂಡಳು.

"ಹಾಗಾದ್ರೆ ಆ ಕಂಪಾಸಿಟರ್ ಹುಡುಗನೂ ಸತ್ಯಾನೇ ಹೇಳಿದ್ದಾ ಅಣ್ಣಾ?"

ಅದು ಬೇರೆ, ಇದು ಬೇರೆ ಎಂದೆ.

ಹೇಗೆ ಬೇರೆ ಎಂದು ಅವಳು ಕೇಳಲಿಲ್ಲ. ಎದ್ದು ಒಳಗೆ ಹೋದಳು. ಕೇಳಿದ್ದರೆ ಹೇಳುತ್ತಿದ್ದೆ.